ಒಂದೇ ರೆಕಾರ್ಡ್, ಐದು ಸಲ: ಹಾರ್ಡ್ ಬಾಪ್ ಕೇಳಲು ಶುರು ಮಾಡುವ ಬಗೆ

ಪಿಯಾನೋ ಒಂದು ಮಾತು ಹೇಳುತ್ತದೆ. ಮಿಕ್ಕವರೆಲ್ಲ ಒಟ್ಟಿಗೆ ಎರಡೇ ಎರಡು ಸ್ವರದಲ್ಲಿ ‘ಹೌದಪ್ಪಾ’ ಅನ್ನುತ್ತಾರೆ. ಪಿಯಾನೋ ಇನ್ನೊಂದು ಮಾತು ಹೇಳುತ್ತದೆ. ಮತ್ತೆ ಅದೇ ‘ಹೌದಪ್ಪಾ’.

ಆರ್ಟ್ ಬ್ಲೇಕಿ ಮತ್ತು ಜಾಝ್ ಮೆಸೆಂಜರ್ಸ್ ತಂಡದ ‘ಮೋನಿನ್’ ಶುರುವಾಗುವುದು ಹೀಗೆ. 1958ರ ಅಕ್ಟೋಬರ್ 30ರಂದು ರೆಕಾರ್ಡ್ ಆದದ್ದು. ಜಾಝ್ ಕೇಳಬೇಕು ಅಂತ ಆಸೆ ಇದೆ, ಎಲ್ಲಿಂದ ಶುರು ಮಾಡೋದು ಅಂತ ಯಾರಾದರೂ ಕೇಳಿದರೆ ನಾನು ಈ ಒಂದು ಹೆಸರು ಮಾತ್ರ ಹೇಳುತ್ತೇನೆ. ನೂರು ರೆಕಾರ್ಡ್‌ಗಳ ಪಟ್ಟಿ ಕೊಡುವುದಿಲ್ಲ. ಪಟ್ಟಿ ಹಿಡಿದು ಹೊರಟವರು ಹತ್ತನೆಯದಕ್ಕೆ ಸುಸ್ತಾಗಿ, ‘ಎಲ್ಲಾ ಒಂದೇ ಥರ ಕೇಳ್ಸುತ್ತೆ’ ಅಂತ ಬಿಟ್ಟುಬಿಡುವುದನ್ನು ನೋಡಿದ್ದೇನೆ. ಒಂದೇ ರೆಕಾರ್ಡನ್ನು ಐದು ಸಲ ಕೇಳಿದವರು ಬಿಟ್ಟದ್ದನ್ನು ನೋಡಿಲ್ಲ.

ಹಾರ್ಡ್ ಬಾಪ್ ಅಂದರೇನು ಅಂತ ಮೊದಲು ಎರಡು ಮಾತು. 1940ರ ದಶಕದಲ್ಲಿ ಚಾರ್ಲಿ ಪಾರ್ಕರ್, ಡಿಝೀ ಗಿಲೆಸ್ಪಿ ಮುಂತಾದವರು ನ್ಯೂಯಾರ್ಕಿನಲ್ಲಿ ಬೀಬಾಪ್ ಅನ್ನುವ ಹೊಸ ಜಾಝ್ ಕಟ್ಟಿದರು. ತುಂಬಾ ವೇಗ, ತುಂಬಾ ತಿರುವು. ಕೇಳುವವರ ಕಿವಿಗೆ ಅದು ಕಷ್ಟದ್ದು. 1950ರ ದಶಕದ ನಡುವಿಗೆ ಬಂದ ಹುಡುಗರು ಆ ವಿದ್ಯೆಯನ್ನು ಪೂರ್ತಿ ಕಲಿತರು. ಆದರೆ ಅದರ ಜೊತೆಗೆ ತಾವು ಬೆಳೆದ ಕೇರಿಯ ಬ್ಲೂಸ್ ಅನ್ನುವ ಜನಪದ ಹಾಡನ್ನೂ ಚರ್ಚಿನ ಹಾಡನ್ನೂ ತಂದರು. ಆಫ್ರಿಕನ್ ಅಮೆರಿಕನ್ ಚರ್ಚುಗಳಲ್ಲಿ ಬೋಧಕ ಒಂದು ಸಾಲು ಹೇಳಿದರೆ ಕೂತವರೆಲ್ಲ ‘ಆಮೆನ್’ ಅಂತ ದನಿಗೂಡಿಸುತ್ತಾರೆ. ನಮ್ಮ ಭಜನೆ ಮನೆಯಲ್ಲಿ ಒಬ್ಬರು ಹೇಳಿಕೊಟ್ಟು ಮಿಕ್ಕವರು ಎತ್ತಿಕೊಳ್ಳುತ್ತಾರಲ್ಲ, ಆ ಸುಖ ಗೊತ್ತಿದ್ದವರಿಗೆ ಇದು ತಟ್ಟನೆ ಹಿಡಿಯುತ್ತದೆ. ‘ಮೋನಿನ್’ನ ಆ ‘ಹೌದಪ್ಪಾ’ ಬಂದದ್ದು ಅಲ್ಲಿಂದ. ಸುಮಾರು 1954ರಿಂದ 1965ರವರೆಗಿನ ಹತ್ತು ಹನ್ನೊಂದು ವರ್ಷ ಈ ಸಂಗೀತದ ಸುಗ್ಗಿ.

ಮೊದಲು ಕೂರುವ ಜಾಗ

ಫೋನಿನ ಸ್ಪೀಕರಿನಲ್ಲಿ ಕೇಳಬೇಡಿ. ಈ ಒಂದು ವಿಷಯದಲ್ಲಿ ನನ್ನದು ಹಟ. ಕಾರಣ ಸರಳ: ಫೋನಿನ ಪುಟ್ಟ ಸ್ಪೀಕರಿಗೆ ಬೇಸ್ ಅನ್ನುವ ಆಳೆತ್ತರದ ತಂತಿವಾದ್ಯದ ಕೆಳಗಿನ ಸ್ವರಗಳನ್ನು ಹೊರಡಿಸುವ ಶಕ್ತಿಯೇ ಇಲ್ಲ. ಹಾರ್ಡ್ ಬಾಪ್ ನಡೆಯುವುದು ಬೇಸಿನ ಕಾಲ ಮೇಲೆ. ಅದು ಕೇಳಿಸದಿದ್ದರೆ ಮೇಲಿನ ಟ್ರಂಪೆಟ್ಟು, ಸ್ಯಾಕ್ಸೋಫೋನು ಗಾಳಿಯಲ್ಲಿ ತೇಲಿದ ಹಾಗೆ ಆಗುತ್ತದೆ. ಸಾಧಾರಣ ಇಯರ್‌ಫೋನ್ ಆದರೂ ಸಾಕು. ಎರಡು ಸ್ಪೀಕರ್ ಇದ್ದರೆ ಇನ್ನೂ ಒಳ್ಳೆಯದು. ಆ ಕಾಲದ ಕೆಲವು ಸ್ಟೀರಿಯೊ ರೆಕಾರ್ಡ್‌ಗಳಲ್ಲಿ ಒಂದು ವಾದ್ಯ ಪೂರಾ ಎಡಕ್ಕೆ, ಇನ್ನೊಂದು ಪೂರಾ ಬಲಕ್ಕೆ ಇರುತ್ತದೆ. ಇಯರ್‌ಫೋನಿನಲ್ಲಿ ಅದು ಕಿವಿಗೆ ಚುಚ್ಚುತ್ತದೆ. ಸ್ಪೀಕರಿನಲ್ಲಿ ಕೋಣೆಯ ಗಾಳಿ ಎರಡನ್ನೂ ಬೆರೆಸುತ್ತದೆ.

ಸ್ಟ್ರೀಮಿಂಗ್ ಆ್ಯಪ್‌ನಲ್ಲಿ ಕೇಳುವವರು ಒಂದು ಎಚ್ಚರ ವಹಿಸಿ. ‘ಮೋನಿನ್’ನ ಮೂಲ ಎಲ್‌ಪಿ ತಟ್ಟೆ ಸುಮಾರು 40 ನಿಮಿಷದ್ದು, ಎರಡು ಮುಖ. ಈಗ ಆ್ಯಪ್‌ಗಳಲ್ಲಿ ಅದರ ಕೊನೆಗೆ ‘ಆಲ್ಟರ್ನೇಟ್ ಟೇಕ್’ ಅಂತ ಅದೇ ಹಾಡಿನ ಬೇರೆ ಪ್ರಯತ್ನಗಳನ್ನು ಸೇರಿಸಿರುತ್ತಾರೆ. ಶುರುವಿನಲ್ಲಿ ಅವು ಬೇಡ. ಮುಂದೆ ಬರುವ ರೆಕಾರ್ಡ್‌ಗಳಿಗೂ ಇದೇ ಮಾತು: ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನರ ‘ಬ್ಲೂ ಟ್ರೇನ್’ ಅಂದರೆ ಐದು ಹಾಡು. ಸನ್ನಿ ರಾಲಿನ್ಸ್ ಅವರ ‘ಸ್ಯಾಕ್ಸೋಫೋನ್ ಕೊಲೋಸಸ್’ ಕೂಡ ಐದೇ. ಮೊದಲ ಮುಖ ಮುಗಿದ ಮೇಲೆ ಒಂದು ಲೋಟ ಕಾಫಿ ಕುಡಿದು ಬಂದು ಎರಡನೆಯ ಮುಖ ಕೇಳಿ. ಆ ಕ್ರಮವನ್ನು ಹಾಗೆ ಜೋಡಿಸಿದ್ದೇ ಅದಕ್ಕೆ.

ಈಗ ಅದೇ ಹಾಡು, ಐದು ಸಲ

ರೆಕಾರ್ಡಿನ ಹೆಸರೂ ಅದರ ಮೊದಲ ಹಾಡಿನ ಹೆಸರೂ ‘ಮೋನಿನ್’. ಆ ಹಾಡು ಒಂಬತ್ತೂವರೆ ನಿಮಿಷದ್ದು. ಒಂದೇ ದಿನ ಐದು ಸಲ ಕೇಳಬೇಕಾಗಿಲ್ಲ. ವಾರದಲ್ಲಿ ಐದು ದಿನ, ದಿನಕ್ಕೊಂದು ಸಲ.

ಮೊದಲನೆಯ ಸಲ ಸುಮ್ನೆ ಕೇಳಿ. ಏನನ್ನೂ ಹುಡುಕಬೇಡಿ. ರಾಗ ಬಾಯಿಗೆ ಬಂದರೆ ಗುನುಗಿ. ಬಂದೇ ಬರುತ್ತದೆ. ಇದನ್ನು ಬರೆದವರು ಪಿಯಾನೋ ನುಡಿಸುವ ಬಾಬಿ ಟಿಮನ್ಸ್. ಅವರು ಹಾಡು ಹಾಡಿನ ನಡುವೆ ಈ ಪುಟ್ಟ ಪಲುಕನ್ನು ಸುಮ್ಮನೆ ನುಡಿಸುತ್ತಿದ್ದರಂತೆ. ತಂಡದ ಸ್ಯಾಕ್ಸೋಫೋನ್ ವಾದಕ ಬೆನ್ನಿ ಗೋಲ್ಸನ್ ಅದನ್ನು ಕೇಳಿಸಿಕೊಂಡು, ಇದಕ್ಕೆ ನಡುವಿನ ಒಂದು ಭಾಗ ಬರೆ, ಹಾಡಾಗುತ್ತದೆ ಅಂತ ಪಟ್ಟು ಹಿಡಿದರು. ಈ ಕಥೆಯನ್ನು ಗೋಲ್ಸನ್ ಅವರೇ ಹೇಳುತ್ತಿದ್ದರು.

ಎರಡನೆಯ ಸಲ ಬೇಸ್ ಒಂದನ್ನೇ ಹಿಡಿಯಿರಿ. ನುಡಿಸುತ್ತಿರುವವರು ಜಿಮಿ ಮೆರಿಟ್. ಟ್ರಂಪೆಟ್ ಎಷ್ಟೇ ಕೂಗಲಿ, ನಿಮ್ಮ ಕಿವಿ ಕೆಳಗೇ ಇರಲಿ. ಒಂದೊಂದು ಏಟಿಗೆ ಒಂದೊಂದು ಸ್ವರ, ಹೆಜ್ಜೆ ಹಾಕಿಕೊಂಡು ಹೋಗುತ್ತಿರುತ್ತದೆ. ಸಂಗೀತಗಾರರು ಇದನ್ನು ‘ವಾಕಿಂಗ್’ ಅಂತಲೇ ಕರೆಯುತ್ತಾರೆ. ಎರಡು ನಿಮಿಷ ಹಿಂಬಾಲಿಸಿದರೆ ಇಡೀ ಹಾಡು ಬೇರೆ ಥರ ಕೇಳಿಸಲು ಶುರುವಾಗುತ್ತದೆ. ನನಗೆ ಜಾಝ್ ನಿಜವಾಗಿ ಹಿಡಿದದ್ದು ಹೀಗೆ ಬೇಸನ್ನು ಹಿಂಬಾಲಿಸಿದ ಒಂದು ಸಂಜೆ. ಅಲ್ಲಿಯವರೆಗೆ ಗದ್ದಲ ಅನ್ನಿಸುತ್ತಿದ್ದುದರ ಒಳಗೆ ಒಬ್ಬ ಮನುಷ್ಯ ಸಮಾಧಾನವಾಗಿ ನಡೆದುಹೋಗುತ್ತಿದ್ದಾನೆ ಅಂತ ಗೊತ್ತಾಯಿತು.

ಮೂರನೆಯ ಸಲ ಡ್ರಮ್ಸ್. ಆರ್ಟ್ ಬ್ಲೇಕಿ ಈ ತಂಡದ ಯಜಮಾನ, 1990ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ನಡೆಸಿದವರು. ಮೊದಲು ಹೈ ಹ್ಯಾಟ್ ಹುಡುಕಿ. ಕಾಲಿನಿಂದ ಒತ್ತುವ ಜೋಡಿ ತಾಳ ಅದು. ನಾಲ್ಕು ಏಟಿನಲ್ಲಿ ಎರಡನೆಯದಕ್ಕೂ ನಾಲ್ಕನೆಯದಕ್ಕೂ ‘ಚಕ್’ ಅಂತ ಬೀಳುತ್ತದೆ. ಬ್ಲೇಕಿ ಅದನ್ನು ಬೇರೆಯವರಿಗಿಂತ ಗಟ್ಟಿಯಾಗಿ ಹಾಕುತ್ತಾರೆ. ನಮಗೆ ಮೊದಲ ಏಟಿಗೆ ತಟ್ಟಿ ಅಭ್ಯಾಸ. ಇಲ್ಲಿ ಎರಡಕ್ಕೆ, ನಾಲ್ಕಕ್ಕೆ ಬೆರಳು ತಟ್ಟಿ ನೋಡಿ. ಶುರುವಿನಲ್ಲಿ ತಪ್ಪುತ್ತದೆ, ಆಮೇಲೆ ಮೈಯೇ ಕಲಿಯುತ್ತದೆ. ಇನ್ನೊಂದು, ಅವರ ಪ್ರೆಸ್ ರೋಲ್. ಕಡ್ಡಿಗಳನ್ನು ಡ್ರಮ್ಮಿನ ಮೇಲೆ ಒತ್ತಿ ಉರುಳಿಸಿದಾಗ ಮಳೆ ಜೋರಾಗಿ ಹತ್ತಿರ ಬಂದ ಹಾಗೆ ಸದ್ದು ಏರುತ್ತದೆ. ಊದುವವರನ್ನು ಹಿಂದಿನಿಂದ ತಳ್ಳಿ ಮುಂದಕ್ಕೆ ಕಳಿಸುವುದು ಅದು.

ನಾಲ್ಕನೆಯ ಸಲ ಊದುವವರು. ಮೊದಲು ಟ್ರಂಪೆಟ್ಟಿನ ಲೀ ಮಾರ್ಗನ್. ಆಗ ಅವರಿಗೆ 20 ವರ್ಷ. ಸ್ವರಗಳನ್ನು ನೇರ ಹೇಳುವುದಿಲ್ಲ. ಕೊಂಕಿಸಿ, ಎಳೆದು, ಕೆಣಕಿ ಹೇಳುತ್ತಾರೆ. ಆಮೇಲೆ ಗೋಲ್ಸನ್, ಆಮೇಲೆ ಟಿಮನ್ಸ್, ಕೊನೆಗೆ ಮೆರಿಟ್. ಒಂದು ಸಂಗತಿ ಗಮನಿಸಿ: ಬ್ಲೇಕಿ ಪಿಟ್ಸ್‌ಬರ್ಗಿನವರು, ಮಿಕ್ಕ ನಾಲ್ಕೂ ಜನ ಫಿಲಡೆಲ್ಫಿಯಾದವರು. ಒಂದೇ ಊರಿನವರು ಮಾತಾಡಿಕೊಳ್ಳುವ ಸಲಿಗೆ ಆ ರೆಕಾರ್ಡಿನಲ್ಲಿ ಕೇಳಿಸುತ್ತದೆ ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ಐದನೆಯ ಸಲ ಮತ್ತೆ ಸುಮ್ನೆ ಕೇಳಿ. ಈಗ ಐದು ಜನ ಬೇರೆ ಬೇರೆಯಾಗಿಯೂ ಕೇಳಿಸುತ್ತಾರೆ, ಒಟ್ಟಾಗಿಯೂ ಕೇಳಿಸುತ್ತಾರೆ.

ಲೆಕ್ಕ ಹಾಕುವುದು

ಇದು ಕಷ್ಟದ ಹೆಜ್ಜೆ ಅಂತ ಜನ ಹೆದರುತ್ತಾರೆ. ತಾಳ ಹಾಕಿ ಕಚೇರಿ ಕೇಳಿದವರಿಗೆ ಇದೇ ಸುಲಭದ್ದು.

ಜಾಝ್‌ನಲ್ಲಿ ಊದುವವರು ಮನಸ್ಸಿಗೆ ಬಂದಷ್ಟು ಹೊತ್ತು ಬಂದ ಹಾಗೆ ಊದುತ್ತಾರೆ ಅನ್ನುವುದು ತಪ್ಪು ಕಲ್ಪನೆ. ಹಾಡಿಗೆ ಒಂದು ಸುತ್ತು ಇದೆ. ಆ ಸುತ್ತು ಮುಗಿದ ತಕ್ಷಣ ಮತ್ತೆ ಮೊದಲಿನಿಂದ ಶುರು. ಅದರ ಮೇಲೆಯೇ ಎಲ್ಲರ ಮನೋಧರ್ಮ ನಡೆಯುತ್ತದೆ.

‘ಮೋನಿನ್’ನ ಸುತ್ತು ಹೀಗಿದೆ: ಪಲ್ಲವಿ ಅನ್ನಬಹುದಾದ ಎಂಟು ಬಾರ್, ಅದೇ ಪಲ್ಲವಿ ಇನ್ನೊಂದು ಸಲ, ಆಮೇಲೆ ಬೇರೆಯದೇ ದಾರಿ ಹಿಡಿಯುವ ಎಂಟು ಬಾರ್, ಕೊನೆಗೆ ಮತ್ತೆ ಪಲ್ಲವಿ. ಒಟ್ಟು 32 ಬಾರ್. ಒಂದು ಬಾರ್ ಅಂದರೆ ನಾಲ್ಕು ಏಟು. ಗೋಲ್ಸನ್ ಪಟ್ಟು ಹಿಡಿದು ಬರೆಸಿದ ಭಾಗ ಆ ಮೂರನೆಯದು. ಅದನ್ನು ‘ಬ್ರಿಜ್’ ಅನ್ನುತ್ತಾರೆ. ಮೊದಲ ಸುತ್ತಿನಲ್ಲಿ ಅದು ಬಂದಾಗ ಕಟ್ಟಿ ಹಾಕಿದ್ದನ್ನು ಬಿಚ್ಚಿದ ಹಾಗೆ ಇಡೀ ತಂಡ ಹರಿಯಲು ಶುರು ಮಾಡುತ್ತದೆ. ಲೀ ಮಾರ್ಗನ್ ಊದುವಾಗಲೂ ಆ ಜಾಗವನ್ನು ಹಿಡಿಯಲು ನೋಡಿ. ಸಿಕ್ಕ ದಿನ ನಿಮಗೇ ಖುಷಿಯಾಗುತ್ತದೆ.

ಇನ್ನೊಂದು ಸುತ್ತು ಬ್ಲೂಸ್. ಅದು 12 ಬಾರ್. ಅಂದರೆ 48 ಏಟು, ನಮ್ಮ ಆದಿತಾಳದ ಲೆಕ್ಕದಲ್ಲಿ ಆರು ಆವರ್ತ. ‘ಬ್ಲೂ ಟ್ರೇನ್’ನ ಮೊದಲ ಹಾಡು ಹಾಕಿಕೊಳ್ಳಿ. ಆ ಗಂಭೀರವಾದ ಶುರುವಿನ ರಾಗ ಮುಗಿದು ಕೋಲ್ಟ್ರೇನ್ ಊದಲು ಹೊರಟ ಕೂಡಲೇ ಕೈಯಲ್ಲಿ ತಾಳ ಹಾಕಿ. ಆರು ಆವರ್ತಕ್ಕೆ ಒಂದು ಮನೆ ಮುಟ್ಟಿದ ಹಾಗೆ ಆಗುತ್ತದೆ. ಆಮೇಲೆ ಮತ್ತೆ ಹೊರಡುತ್ತಾರೆ. ಎರಡು ಮೂರು ಸುತ್ತು ಕಳೆಯುವಷ್ಟರಲ್ಲಿ ಲೆಕ್ಕ ಬೇಡವಾಗುತ್ತದೆ. ಮನೆ ಬರುವುದು ಮೊದಲೇ ಗೊತ್ತಾಗುತ್ತದೆ. ತನಿ ಆವರ್ತನದಲ್ಲಿ ಮುಕ್ತಾಯ ಬರುತ್ತಿದೆ ಅಂತ ಸಭೆಗೆ ಗೊತ್ತಾಗಿ ಎಲ್ಲರ ಬೆನ್ನು ನೇರವಾಗುತ್ತದಲ್ಲ, ಹಾಗೆ. ತಾಳ ಹಾಕುವ ರೀತಿ, ಒತ್ತು ಬೀಳುವ ಜಾಗ ಬೇರೆ, ಅದನ್ನು ಮರೆಯಬೇಡಿ. ಎಣಿಕೆಗೆ ಮಾತ್ರ ಆದಿತಾಳವನ್ನು ಸಾಲ ಪಡೆಯಿರಿ.

ಹಿಂಬದಿಯ ಹೆಸರುಗಳು

ರೆಕಾರ್ಡ್‌ನ ಮುಂದೆ ಒಬ್ಬರ ಹೆಸರು ಇರುತ್ತದೆ. ಹಿಂಬದಿಯಲ್ಲಿ ಐದಾರು ಹೆಸರು ಇರುತ್ತವೆ. ನಿಮ್ಮ ಮುಂದಿನ ರೆಕಾರ್ಡ್ ಯಾವುದು ಅಂತ ಹೇಳುವುದು ಆ ಹಿಂಬದಿ. ಈ ಲೇಖನದಲ್ಲಿ ಬೇರೆಲ್ಲ ಮರೆತರೂ ಇದೊಂದನ್ನು ಇಟ್ಟುಕೊಳ್ಳಿ. ಹಾರ್ಡ್ ಬಾಪ್ ಒಂದು ಚಿಕ್ಕ ಕೇರಿ. ಇವತ್ತು ಒಬ್ಬರು ಯಜಮಾನ, ನಾಳೆ ಅವರೇ ಇನ್ನೊಬ್ಬರ ರೆಕಾರ್ಡಿನಲ್ಲಿ ಜೊತೆಗಾರ. ಒಬ್ಬರ ಮನೆಗೆ ಹೋದರೆ ಪಕ್ಕದ ನಾಲ್ಕು ಮನೆಯ ಪರಿಚಯ ತಾನಾಗಿ ಆಗುತ್ತದೆ.

ಒಂದು ಪುಟ್ಟ ನೋಟ್‌ಬುಕ್ ಇಟ್ಟುಕೊಳ್ಳಿ. ಕೇಳಿದ ರೆಕಾರ್ಡ್, ನುಡಿಸಿದವರ ಹೆಸರು, ದಿನಾಂಕ. ಅಷ್ಟೇ. ಎರಡು ದಾರಿ ತೋರಿಸುತ್ತೇನೆ.

ಲೀ ಮಾರ್ಗನ್ ಇಷ್ಟವಾದರೆ ಅವರನ್ನೇ ಹಿಡಿದು ಒಂದು ವರ್ಷ ಹಿಂದಕ್ಕೆ ಹೋಗಿ. 1957ರ ಸೆಪ್ಟೆಂಬರ್ 15, ‘ಬ್ಲೂ ಟ್ರೇನ್’. ಅಲ್ಲಿ ಅವರಿಗೆ 19. ಕೋಲ್ಟ್ರೇನ್ ಎದುರು ನಿಂತು ಒಂದು ಚೂರೂ ಅಳುಕದೆ ಊದುತ್ತಾರೆ. ಆಮೇಲೆ ಮುಂದಕ್ಕೆ ಬನ್ನಿ, 1963ರ ಡಿಸೆಂಬರ್ 21ಕ್ಕೆ. ನಡುವಿನ ವರ್ಷಗಳಲ್ಲಿ ಹೆರಾಯಿನ್ ಚಟಕ್ಕೆ ಬಿದ್ದು, ಮೆಸೆಂಜರ್ಸ್ ಬಿಟ್ಟು, ಫಿಲಡೆಲ್ಫಿಯಾಕ್ಕೆ ವಾಪಸಾಗಿದ್ದ ಹುಡುಗ ಮತ್ತೆ ಎದ್ದು ಬಂದು ಮಾಡಿದ ರೆಕಾರ್ಡ್ ‘ದ ಸೈಡ್‌ವೈಂಡರ್’. ಅದರ ಮೊದಲ ಹಾಡು ಹತ್ತು ನಿಮಿಷಕ್ಕೂ ಜಾಸ್ತಿ. ಸುತ್ತು 24 ಬಾರ್, ಅಂದರೆ ಬ್ಲೂಸನ್ನೇ ಎರಡು ಪಟ್ಟು ಹಿಗ್ಗಿಸಿದ ಹಾಗೆ. ಕುಣಿಯುವ ಲಯ. ಅದು ಜಾಝ್ ಕೇಳದವರ ಮನೆಗೂ ಹೋಯಿತು. ಅಮೆರಿಕದಲ್ಲಿ ಕಾರಿನ ಜಾಹೀರಾತಿಗೂ ಅದನ್ನು ಬಳಸಿದರು. 1972ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಸ್ಲಗ್ಸ್ ಅನ್ನುವ ಕ್ಲಬ್ಬಿನಲ್ಲಿ, ಕಾರ್ಯಕ್ರಮದ ನಡುವೆಯೇ, ಮಾರ್ಗನ್ ಗುಂಡೇಟಿಗೆ ಬಲಿಯಾದರು. ಗುಂಡು ಹಾರಿಸಿದ್ದು ಜೊತೆಗೆ ಬಾಳುತ್ತಿದ್ದ ಹೆಲನ್. ಹೊರಗೆ ಹಿಮ ಸುರಿಯುತ್ತಿತ್ತು, ಆಂಬ್ಯುಲೆನ್ಸ್ ಬರುವುದು ತಡವಾಯಿತು. ಅವರಿಗೆ ಆಗಿನ್ನೂ 33. ಇದು ಗೊತ್ತಾದ ಮೇಲೆ ‘ಬ್ಲೂ ಟ್ರೇನ್’ನ ಆ 19ರ ಹುಡುಗನನ್ನು ಕೇಳುವುದು ನನಗೆ ಸುಲಭವಾಗಿ ಉಳಿದಿಲ್ಲ. ಆದರೂ ಕೇಳುತ್ತೇನೆ.

ಎರಡನೆಯ ದಾರಿ ಬೇಸಿನ ಪಾಲ್ ಚೇಂಬರ್ಸ್. ‘ಬ್ಲೂ ಟ್ರೇನ್’ನಲ್ಲಿ ಇವರಿದ್ದಾರೆ. ಅದರ ಎರಡನೆಯ ಹಾಡು ‘ಮೊಮೆಂಟ್ಸ್ ನೋಟಿಸ್’ನಲ್ಲಿ ಪಿಟೀಲಿನ ಹಾಗೆ ಕಮಾನು ಹಿಡಿದು ನುಡಿಸುತ್ತಾರೆ, ತಪ್ಪಿಸಿಕೊಳ್ಳಬೇಡಿ. ಅಲ್ಲಿಂದ ಪಿಯಾನೋ ನುಡಿಸುವ ಸನ್ನಿ ಕ್ಲಾರ್ಕ್ ಅವರ ‘ಕೂಲ್ ಸ್ಟ್ರಟಿನ್’ಗೆ ಬನ್ನಿ. 1958ರ ಜನವರಿ 5ರದ್ದು. ಮುಖಪುಟದಲ್ಲಿ ರಸ್ತೆಯ ಮೇಲೆ ನಡೆದುಹೋಗುತ್ತಿರುವ ಹೆಣ್ಣಿನ ಕಾಲುಗಳು. ಒಳಗಿನ ಸಂಗೀತವೂ ಅದೇ ನಡಿಗೆ. ಅವಸರ ಇಲ್ಲ. ಕ್ಲಾರ್ಕ್ 31ಕ್ಕೇ ತೀರಿಕೊಂಡರು. ಬದುಕಿದ್ದಾಗ ಸಿಗದ ಹೆಸರು ಆಮೇಲೆ ಜಪಾನಿನ ಕೇಳುಗರಿಂದ ಬಂತು. ಅಲ್ಲಿನವರು ಈ ರೆಕಾರ್ಡನ್ನು ತಲೆ ಮೇಲೆ ಹೊತ್ತು ಮೆರೆಸಿದರು. ‘ಕೂಲ್ ಸ್ಟ್ರಟಿನ್’ ಮತ್ತು ‘ಬ್ಲೂ ಟ್ರೇನ್’ ಎರಡರಲ್ಲೂ ಡ್ರಮ್ಸ್ ಫಿಲಿ ಜೋ ಜೋನ್ಸ್ ಅವರದು. ನಾಲ್ಕನೆಯ ಏಟಿಗೆ ಕಡ್ಡಿಯನ್ನು ಡ್ರಮ್ಮಿನ ಅಂಚಿಗೆ ‘ಟಕ್’ ಅಂತ ಕೊಡುವುದು ಅವರ ಗುರುತು. ಒಂದು ಸಲ ಹಿಡಿದರೆ ಆಮೇಲೆ ಹೆಸರು ನೋಡದೆಯೇ ‘ಇದು ಫಿಲಿ ಜೋ’ ಅನ್ನುತ್ತೀರಿ. ಚೇಂಬರ್ಸ್ ದಾರಿಯ ಮೂರನೆಯ ನಿಲ್ದಾಣಕ್ಕೆ ಕೊನೆಯಲ್ಲಿ ಬರುತ್ತೇನೆ.

ಬ್ಲೇಕಿಯನ್ನು ಹಿಡಿದು ಹೋಗುವವರು ‘ಎ ನೈಟ್ ಅಟ್ ಬರ್ಡ್‌ಲ್ಯಾಂಡ್’ ಕೇಳಲೇಬೇಕು. 1954ರ ಫೆಬ್ರವರಿ 21ರ ರಾತ್ರಿ, ಕ್ಲಬ್ಬಿನಲ್ಲಿ ಜನರ ಮುಂದೆಯೇ ರೆಕಾರ್ಡ್ ಮಾಡಿದ್ದು. ಹಾರ್ಡ್ ಬಾಪ್ ಹುಟ್ಟಿದ್ದನ್ನು ಕಿವಿಯಾರೆ ಕೇಳಬೇಕು ಅಂದರೆ ಇದೇ. ಪಿಯಾನೋ ಹೊರೇಸ್ ಸಿಲ್ವರ್, ಟ್ರಂಪೆಟ್ ಕ್ಲಿಫರ್ಡ್ ಬ್ರೌನ್. ಅದೇ ಸಿಲ್ವರ್ ಹತ್ತು ವರ್ಷದ ಮೇಲೆ ‘ಸಾಂಗ್ ಫಾರ್ ಮೈ ಫಾದರ್’ ಮಾಡಿದರು. ಮುಖಪುಟದಲ್ಲಿ ಟೋಪಿ ಹಾಕಿಕೊಂಡು ಕೂತಿರುವವರು ಅವರ ತಂದೆಯೇ, ಕೇಪ್ ವರ್ಡ್ ದ್ವೀಪಗಳಿಂದ ಅಮೆರಿಕಕ್ಕೆ ಬಂದವರು. ಮನೆಯಲ್ಲಿ ಜಾಝ್ ಬೇಡ ಅನ್ನುವವರಿದ್ದರೆ ಈ ಹಾಡನ್ನು ಮೆಲ್ಲಗೆ ಹಾಕಿ ನೋಡಿ. ನಮ್ಮಮ್ಮ ಅಡುಗೆಮನೆಯಿಂದಲೇ ‘ಇದು ಚೆನ್ನಾಗಿದೆ, ಇರಲಿ ಬಿಡು’ ಅಂದದ್ದು ಇದೊಂದಕ್ಕೇ.

ಒಬ್ಬರೇ ಊದುವ ರೆಕಾರ್ಡ್

ಇಷ್ಟು ಹೊತ್ತು ಹೇಳಿದವುಗಳಲ್ಲಿ ಊದುವವರು ಇಬ್ಬರು ಮೂವರು ಇರುತ್ತಾರೆ. ಒಬ್ಬರನ್ನೇ ಹತ್ತಿರದಿಂದ ನೋಡಲು ಸನ್ನಿ ರಾಲಿನ್ಸ್ ಅವರ ‘ಸ್ಯಾಕ್ಸೋಫೋನ್ ಕೊಲೋಸಸ್’. 1956ರ ಜೂನ್ 22ರದ್ದು.

ನಮ್ಮಲ್ಲಿ ಸ್ಯಾಕ್ಸೋಫೋನ್ ಅಂದ ಕೂಡಲೇ ಕದ್ರಿ ಗೋಪಾಲನಾಥ್ ಅವರ ನೆನಪು ಬರುತ್ತದೆ. ಅವರದು ಆಲ್ಟೊ, ಸ್ವಲ್ಪ ಚಿಕ್ಕದು, ದನಿ ಮೇಲಿನದು. ರಾಲಿನ್ಸ್ ಅವರದು ಟೆನರ್. ದೊಡ್ಡದು, ಗಂಡು ದನಿಗೆ ಹತ್ತಿರ. ಗಮಕದಲ್ಲಿ ತೇಲಿ ಬರುವ ಕದ್ರಿಯವರ ಸ್ವರ ಕೇಳಿ ಬೆಳೆದ ಕಿವಿಗೆ ರಾಲಿನ್ಸ್ ಮೊದಲು ಒರಟು ಅನ್ನಿಸಬಹುದು. ಎದುರು ಕೂತು ಮಾತಾಡುವವರ ಹಾಗೆ ಅವರು ಊದುತ್ತಾರೆ. ಒಂದು ವಾಕ್ಯ ಹೇಳಿ ನಿಲ್ಲಿಸುತ್ತಾರೆ, ಯೋಚಿಸುತ್ತಾರೆ, ಅದೇ ವಾಕ್ಯವನ್ನು ತಿರುಗಿಸಿ ಹೇಳುತ್ತಾರೆ.

ಮೊದಲ ಹಾಡು ‘ಸೇಂಟ್ ಥಾಮಸ್’. ವರ್ಜಿನ್ ದ್ವೀಪಗಳ ಕಡೆಯ ಅವರ ತಾಯಿ ಮನೆಯಲ್ಲಿ ಹಾಡುತ್ತಿದ್ದ ಧಾಟಿ. ಮ್ಯಾಕ್ಸ್ ರೋಚ್ ಡ್ರಮ್ಸ್ ಮೇಲೆ ಆ ಕೆರಿಬಿಯನ್ ದ್ವೀಪಗಳ ಕ್ಯಾಲಿಪ್ಸೊ ಲಯ ಕಟ್ಟುತ್ತಾರೆ. ರಾಗ ಮುಗಿಸಿ ರಾಲಿನ್ಸ್ ತಮ್ಮ ಮನೋಧರ್ಮ ಶುರು ಮಾಡುವುದು ಎರಡೇ ಎರಡು ಸ್ವರದಿಂದ. ಆ ಎರಡನ್ನೇ ಹಿಂದೆ ಮುಂದೆ ಇಟ್ಟು, ತಡ ಮಾಡಿ, ಬೇಗ ಮಾಡಿ, ಮಗು ಎರಡು ಗೋಲಿ ಇಟ್ಟುಕೊಂಡು ಆಡಿದ ಹಾಗೆ ಆಡುತ್ತಾರೆ. ಅದು ಬೆಳೆದು ಬೆಳೆದು ಹೊಳೆಯಾಗುತ್ತದೆ. ಆಮೇಲೆ ರೋಚ್ ಒಬ್ಬರೇ ಡ್ರಮ್ಸ್ ನುಡಿಸುತ್ತಾರೆ. ಅದು ಮುಗಿದ ಕ್ಷಣ ಎಚ್ಚರವಾಗಿರಿ. ಲಯ ಬದಲಾಗಿರುತ್ತದೆ. ಕ್ಯಾಲಿಪ್ಸೊ ಹೋಗಿ ಸ್ವಿಂಗ್, ಅಂದರೆ ಜಾಝ್‌ನ ಮಾಮೂಲಿ ತೂಗುವ ನಡೆ, ಬಂದಿರುತ್ತದೆ, ಬೇಸ್ ನಡೆಯಲು ಶುರು ಮಾಡಿರುತ್ತದೆ. ಆ ತಿರುವಿನಲ್ಲಿ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಈ ರೆಕಾರ್ಡ್ ಆದ ನಾಲ್ಕು ದಿನಕ್ಕೆ, ಜೂನ್ 26ರಂದು, ರಾಲಿನ್ಸ್ ಮತ್ತು ರೋಚ್ ಇಬ್ಬರೂ ಇದ್ದ ತಂಡದ ಜೊತೆಗಾರರಾದ ಕ್ಲಿಫರ್ಡ್ ಬ್ರೌನ್, ರಿಚಿ ಪೊವೆಲ್ ಮತ್ತು ಪೊವೆಲರ ಹೆಂಡತಿ ನ್ಯಾನ್ಸಿ ಪೆನ್ಸಿಲ್ವೇನಿಯಾದ ಹೆದ್ದಾರಿಯಲ್ಲಿ ಕಾರು ಅಪಘಾತದಲ್ಲಿ ಸತ್ತರು. ಬ್ರೌನ್‌ಗೆ 25. ‘ಸೇಂಟ್ ಥಾಮಸ್’ನ ಆ ನಗು ಆ ಸಾವಿಗೆ ನಾಲ್ಕು ದಿನ ಮುಂಚಿನದು.

ರಾಲಿನ್ಸ್ ಆಮೇಲೆ ನ್ಯೂಯಾರ್ಕಿನ ವಿಲಿಯಮ್ಸ್‌ಬರ್ಗ್ ಸೇತುವೆ ಮೇಲೆ ಒಂಟಿಯಾಗಿ ಸಾಧನೆ ಮಾಡಿದ ಕಥೆ ಬಹಳ ಜನಕ್ಕೆ ಗೊತ್ತು. 1960ರ ದಶಕದ ಕೊನೆಯ ಭಾಗದಲ್ಲಿ ಅವರು ಸ್ಯಾಕ್ಸೋಫೋನ್ ಹೊತ್ತುಕೊಂಡು ಮುಂಬೈನ ಪೊವೈನಲ್ಲಿದ್ದ ಆಶ್ರಮಕ್ಕೆ ಬಂದು ಯೋಗ, ವೇದಾಂತ ಕಲಿಯುತ್ತಾ ಕೆಲವು ತಿಂಗಳು ಇದ್ದರು ಅನ್ನುವುದು ಇಲ್ಲಿ ಅಷ್ಟಾಗಿ ಗೊತ್ತಿಲ್ಲ.

ಕೋಣೆಯನ್ನು ಕೇಳುವುದು

ಸ್ವಲ್ಪ ದಿನ ಕೇಳಿದ ಮೇಲೆ ಒಂದು ಪ್ರಶ್ನೆ ಬರುತ್ತದೆ. ಬೇರೆ ಬೇರೆ ಯಜಮಾನರ ರೆಕಾರ್ಡ್‌ಗಳು ಒಂದೇ ಮನೆಯ ಮಕ್ಕಳ ಹಾಗೆ ಯಾಕೆ ಕೇಳಿಸುತ್ತವೆ? ಯಾಕೆಂದರೆ ಅವು ನಿಜಕ್ಕೂ ಒಂದೇ ಮನೆಯವು. ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್ ಊರಿನಲ್ಲಿ ರೂಡಿ ವ್ಯಾನ್ ಗೆಲ್ಡರ್ ಅಂತ ಒಬ್ಬರಿದ್ದರು. ಹಗಲು ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಕೊಡುವ ಕೆಲಸ. ಬಿಡುವಿನಲ್ಲಿ ಅಪ್ಪ ಅಮ್ಮನ ಮನೆಯ ಹಾಲ್‌ನಲ್ಲಿ ಮೈಕು ಇಟ್ಟು ರೆಕಾರ್ಡಿಂಗ್. ‘ಮೋನಿನ್’, ‘ಬ್ಲೂ ಟ್ರೇನ್’, ‘ಸ್ಯಾಕ್ಸೋಫೋನ್ ಕೊಲೋಸಸ್’, ‘ಕೂಲ್ ಸ್ಟ್ರಟಿನ್’ ಎಲ್ಲವೂ ಆ ಹಾಲ್‌ನಲ್ಲಿ ಆದವು. 1959ರಲ್ಲಿ ಅವರು ಹತ್ತಿರದ ಇಂಗಲ್‌ವುಡ್ ಕ್ಲಿಫ್ಸ್‌ನಲ್ಲಿ ಎತ್ತರದ ಮರದ ಚಾವಣಿಯ ಸ್ಟುಡಿಯೊ ಕಟ್ಟಿಸಿದರು. ‘ದ ಸೈಡ್‌ವೈಂಡರ್’, ‘ಸಾಂಗ್ ಫಾರ್ ಮೈ ಫಾದರ್’ ಅಲ್ಲಿಯವು.

ಕಂಪನಿಗಳ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಮೇಲಿನವುಗಳಲ್ಲಿ ರಾಲಿನ್ಸ್ ರೆಕಾರ್ಡ್ ಪ್ರೆಸ್ಟೀಜ್ ಕಂಪನಿಯದು, ಮಿಕ್ಕವು ಬ್ಲೂ ನೋಟ್‌ನವು. ಬ್ಲೂ ನೋಟ್ ಶುರುವಾದದ್ದು 1939ರಲ್ಲಿ. ನಡೆಸಿದ ಆಲ್ಫ್ರೆಡ್ ಲಯನ್ ಮತ್ತು ಫ್ರಾನ್ಸಿಸ್ ವುಲ್ಫ್ ಇಬ್ಬರೂ ಬರ್ಲಿನ್ನಿನಿಂದ ಬಂದವರು. ಅವರು ರೆಕಾರ್ಡಿಂಗಿಗೆ ಮೊದಲು ತಾಲೀಮಿಗೂ ಸಂಗೀತಗಾರರಿಗೆ ದುಡ್ಡು ಕೊಡುತ್ತಿದ್ದರು. ಪ್ರೆಸ್ಟೀಜ್‌ನಲ್ಲಿ ಹೆಚ್ಚಾಗಿ ಬಂದು, ನುಡಿಸಿ, ಹೋಗುವುದೇ. ಅದಕ್ಕೇ ಬ್ಲೂ ನೋಟ್‌ನಲ್ಲಿ ಹಾಡಿನ ಕಟ್ಟು ಬಿಗಿ, ಪ್ರೆಸ್ಟೀಜ್‌ನಲ್ಲಿ ಆ ಹೊತ್ತಿನ ಬಿಸಿ. ನನಗೆ ಎರಡೂ ಬೇಕು. ವುಲ್ಫ್ ತೆಗೆದ ಫೋಟೊಗಳಿಗೆ ರೀಡ್ ಮೈಲ್ಸ್ ಅಕ್ಷರ ಜೋಡಿಸಿ ಮಾಡಿದ ಮುಖಪುಟಗಳನ್ನು ಗೋಡೆಗೆ ತೂಗುಹಾಕುವವರಿದ್ದಾರೆ. ತಪ್ಪೇನಿಲ್ಲ.

ರೆಕಾರ್ಡ್ ಕೊಳ್ಳುವಾಗ

ಎಲ್‌ಪಿ ಕೊಳ್ಳಲೇಬೇಕಂತಿಲ್ಲ. ಕೊಳ್ಳುವುದಾದರೆ ಮೂರು ತಿಂಗಳು ಕೇಳಿದ ಮೇಲೆ, ಬಾಯಿಪಾಠ ಆಗಿರುವುದನ್ನು ಮಾತ್ರ ಕೊಳ್ಳಿ.

ಹೊಸ ಮುದ್ರಣ ಕೊಳ್ಳುವವರು ಮಾಸ್ಟರಿಂಗ್, ಅಂದರೆ ಮೂಲ ರೆಕಾರ್ಡಿಂಗಿನ ದನಿಯನ್ನು ಅಚ್ಚಿಗೆ ಅಣಿ ಮಾಡುವ ಕೆಲಸ, ಯಾರದು ಅಂತ ಹಿಂಬದಿಯಲ್ಲಿ ನೋಡಿ. ಬ್ಲೂ ನೋಟ್‌ನವರದೇ ‘ಟೋನ್ ಪೊಯೆಟ್’ ಮಾಲೆ 2019ರಿಂದ ಬರುತ್ತಿದೆ, ಮಾಸ್ಟರಿಂಗ್ ಕೆವಿನ್ ಗ್ರೇ ಅವರದು. ‘ಕ್ಲಾಸಿಕ್ ವಿನೈಲ್’ ಮಾಲೆಗೆ ಅದಕ್ಕಿಂತ ಬೆಲೆ ಕಡಿಮೆ, ದನಿಗೆ ಕೊರತೆ ಇಲ್ಲ. ಎಲ್ಲಿಂದ ನಕಲು ಮಾಡಿದ್ದಾರೆ, ಯಾರು ಮಾಡಿದ್ದಾರೆ ಅನ್ನುವ ಒಂದು ಸಾಲೂ ಇಲ್ಲದ ಅಗ್ಗದ ಪ್ರತಿಗಳಿಂದ ದೂರ ಇರಿ.

ಹಳೆಯದನ್ನು ಕೊಳ್ಳುವಾಗ ತಟ್ಟೆಯನ್ನು ಕವರಿನಿಂದ ತೆಗೆದು ದೀಪದ ಕೆಳಗೆ ಓರೆಯಾಗಿ ಹಿಡಿಯಿರಿ. ಉಗುರಿನಿಂದ ಮುಟ್ಟಿದರೆ ತಗುಲುವ ಗೀರು ಖಂಡಿತ ಸದ್ದು ಮಾಡುತ್ತದೆ. ಕಣ್ಣಿಗೆ ಮಾತ್ರ ಕಾಣುವ ಸಣ್ಣ ಗೆರೆಗಳು ಎಷ್ಟೋ ಸಲ ಕೇಳಿಸುವುದೇ ಇಲ್ಲ. ಆಮೇಲೆ ಹಾಡು ಮುಗಿದು ಲೇಬಲ್ ಶುರುವಾಗುವ ಮುಂಚಿನ ಖಾಲಿ ಪಟ್ಟಿ ನೋಡಿ. ಅಲ್ಲಿ ‘ಆರ್‌ವಿಜಿ’ ಅಥವಾ ‘ವ್ಯಾನ್ ಗೆಲ್ಡರ್’ ಅಂತ ಇದ್ದರೆ ಆ ತಟ್ಟೆಯ ಅಚ್ಚನ್ನು ಅವರೇ ಕೊರೆದದ್ದು. 1960ರ ದಶಕದ ನಡುವಿನವರೆಗಿನ ಬ್ಲೂ ನೋಟ್ ತಟ್ಟೆಗಳಲ್ಲಿ ಕಿವಿಯ ಆಕಾರದ ಇನ್ನೊಂದು ಪುಟ್ಟ ಗುರುತೂ ಇರುತ್ತದೆ. ಮುದ್ರಿಸಿದ ಪ್ಲಾಸ್ಟಿಲೈಟ್ ಕಾರ್ಖಾನೆಯದು ಅದು. ನಾನು ಒಂದು ಸಲ ಫೋಟೊ ನೋಡಿ, ಮೊದಲ ಮುದ್ರಣ ಅಂತ ನಂಬಿ, ದುಬಾರಿ ಬೆಲೆ ಕೊಟ್ಟೆ. ಲೇಬಲ್ ಸರಿಯಾಗಿಯೇ ಇತ್ತು. ಮನೆಗೆ ಬಂದ ಮೇಲೆ ಪಟ್ಟಿ ನೋಡಿದರೆ ಕಿವಿ ಇಲ್ಲ. ಉಳಿದಿದ್ದ ಹಳೆ ಲೇಬಲ್‌ಗಳನ್ನೇ ಅಂಟಿಸಿ ಆಮೇಲೆ ಮುದ್ರಿಸಿದ ಪ್ರತಿ ಅದು. ಮಾರಿದವರು ಫೋನ್ ಎತ್ತಲಿಲ್ಲ. ಆದ್ದರಿಂದ ಆ ಪಟ್ಟಿಯ ಫೋಟೊವನ್ನು ಮೊದಲೇ ಕೇಳಿ ತರಿಸಿಕೊಳ್ಳಿ.

ಹಿಡಿಸದಿದ್ದರೆ

ಕೆಲವು ಹಾಡು ಹಿಡಿಸುವುದಿಲ್ಲ. ಬಲವಂತ ಬೇಡ. ನಿಧಾನದ್ದಕ್ಕೆ ಹೋಗಿ. ಕ್ಯಾನನ್‌ಬಾಲ್ ಆ್ಯಡರ್ಲಿ ಅವರ ‘ಸಮ್‌ಥಿಂಗ್ ಎಲ್ಸ್’ನಲ್ಲಿ ‘ಆಟಮ್ ಲೀವ್ಸ್’ ಹಾಕಿ. ಅಲ್ಲಿ ಮೈಲ್ಸ್ ಡೇವಿಸ್ ಜೊತೆಗಾರರಾಗಿ ಬಂದಿದ್ದಾರೆ, ಡ್ರಮ್ಸ್ ಮತ್ತೆ ಬ್ಲೇಕಿ. ಅಥವಾ ಕೆನ್ನಿ ಬರೆಲ್ ಅವರ ‘ಮಿಡ್‌ನೈಟ್ ಬ್ಲೂ’. ಅದರಲ್ಲಿ ಪಿಯಾನೋನೇ ಇಲ್ಲ. ಗಿಟಾರ್, ಟೆನರ್, ಬೇಸ್, ಡ್ರಮ್ಸ್, ಕೈಯಿಂದ ಬಾರಿಸುವ ಕೊಂಗಾ. ರಾತ್ರಿ ಹತ್ತರ ಮೇಲೆ, ಬೀದಿಯ ಸದ್ದು ಅಡಗಿದ ಮೇಲೆ ಕೇಳುವುದು.

ಈಗ ಚೇಂಬರ್ಸ್ ದಾರಿಯ ಆ ಮೂರನೆಯ ನಿಲ್ದಾಣ. 1960ರ ಫೆಬ್ರವರಿ 7, ಹ್ಯಾಂಕ್ ಮೋಬ್ಲಿ ಅವರ ‘ಸೋಲ್ ಸ್ಟೇಷನ್’. ಮೋಬ್ಲಿ ಟೆನರ್, ವಿಂಟನ್ ಕೆಲಿ ಪಿಯಾನೋ, ಪಾಲ್ ಚೇಂಬರ್ಸ್ ಬೇಸ್, ಆರ್ಟ್ ಬ್ಲೇಕಿ ಡ್ರಮ್ಸ್. ಮೋಬ್ಲಿ ಕೋಲ್ಟ್ರೇನ್ ಹಾಗೆ ಬಿರುಗಾಳಿ ಅಲ್ಲ, ರಾಲಿನ್ಸ್ ಹಾಗೆ ಮಾತಿನ ಮಲ್ಲ ಅಲ್ಲ. ದುಂಡನೆಯ ದನಿ, ಎಲ್ಲೂ ಜಂಬ ಇಲ್ಲ. ಅದಕ್ಕೇ ಬಹಳ ದಿನ ಅವರನ್ನು ಎರಡನೆಯ ಸಾಲಿನಲ್ಲಿ ಕೂರಿಸಿದರು. ಇದನ್ನು ನಾನು ಒಪ್ಪುವುದಿಲ್ಲ. ‘ದಿಸ್ ಐ ಡಿಗ್ ಆಫ್ ಯು’ ಕೇಳಿ. ಕೆಲಿ ನುಡಿಸಿ ಮುಗಿಸಿದ ಮೇಲೆ ಮೋಬ್ಲಿ ಹೊರಟಾಗ ಹಿಂದೆ ಬ್ಲೇಕಿಯ ಎರಡು ಮತ್ತು ನಾಲ್ಕನೆಯ ಏಟಿನ ‘ಚಕ್’ ಇದೆ, ಕೆಳಗೆ ಚೇಂಬರ್ಸ್ ನಡೆಯುತ್ತಿದ್ದಾರೆ. ಇಬ್ಬರ ಪರಿಚಯವೂ ನಿಮಗೆ ಆಗಲೇ ಆಗಿದೆ. ಅದು ಮುಗಿದ ಮೇಲೆ ನೋಟ್‌ಬುಕ್ ತೆರೆದು ಕೆಲಿಯ ಹೆಸರಿನ ಕೆಳಗೆ ಒಂದು ಗೆರೆ ಎಳೆಯಿರಿ. ಅಲ್ಲಿಂದ ಮುಂದಿನ ರೆಕಾರ್ಡ್ ಯಾವುದು ಅಂತ ನೀವೇ ಹುಡುಕುತ್ತೀರಿ.